ಒಲೆಯ ಬಾಗಿಲು

ಲಾರಿಯವನು ಜೈಲಿನಿಂದ ಬಿಡುಗಡೆಯಾಗಿ ಬಂದ ಮಾರನೆಯ ದಿನವೇ ಬೇಕರಿಗೆ ಬಂದು ಸಾಲಿನಲ್ಲಿ ನಿಂತ. ಮುಂದಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದವರೇ ಮಾತು ನಿಲ್ಲಿಸಿ ಪಕ್ಕಕ್ಕೆ ಸರಿದರು. ಹೀಗಾಗಿ ಅವನ ಸರದಿ ಅವನು ಅಂದುಕೊಂಡದ್ದಕ್ಕಿಂತ ಬೇಗ ಬಂತು.

ಗಲ್ಲಾದ ಹಿಂದೆ ನಿಂತಿದ್ದವಳು ಅಕ್ಕ. ಅವಳಿಗಿದ್ದದ್ದು ಒಬ್ಬನೇ ತಮ್ಮನಾದರೂ ಇಡೀ ಬೀದಿಗೆ ಅವಳು ಅಕ್ಕನೇ. ಅವಳಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು. ಅವಳು ಲಾರಿಯವನ ಮುಖ ನೋಡಿದಳು. ಕೂದಲು ಅರ್ಧ ಉದುರಿತ್ತು, ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು.

"ಏನು ಬೇಕು?"

"ಒಂದು ಬ್ರೆಡ್. ಅಮ್ಮನಿಗೆ. ಮೆತ್ತಗಿರೋದು."

ಅಕ್ಕ ಕೈಯಲ್ಲಿ ಒತ್ತಿ ನೋಡಿ ಮೆತ್ತಗಿರುವ ಒಂದನ್ನು ಆರಿಸಿದಳು. ಕಾಗದದಲ್ಲಿ ಸುತ್ತಿ ಕೊಟ್ಟಳು. ಹಿಂದೆಲ್ಲ ಅವನು ಅವಳನ್ನು ತಂಗಿ ಎನ್ನುತ್ತಿದ್ದ, ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು. ಅವತ್ತು ಇಬ್ಬರೂ ಹಾಗೆ ಕರೆಯಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಹೊರಟುಹೋದ.

ಒಳಕೋಣೆಯಲ್ಲಿ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದ ತಮ್ಮ ಇದೆಲ್ಲವನ್ನೂ ಬಾಗಿಲ ಸಂದಿನಿಂದ ನೋಡಿದ. ಗಿರಾಕಿಗಳೆಲ್ಲ ಕರಗುವವರೆಗೂ ಹೇಗೋ ತಡೆದುಕೊಂಡಿದ್ದು, ಆಮೇಲೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದ.

"ಕ್ಷಮಿಸಿಬಿಟ್ಟೆಯಾ ಅವನನ್ನ?"

"ಇಲ್ಲ."

"ಮತ್ತೆ?"

"ಬ್ರೆಡ್ ಕೇಳಿದ, ಕೊಟ್ಟೆ. ಅಷ್ಟೇ."

"ನಾನಾಗಿದ್ದರೆ ಆ ಬ್ರೆಡ್ಡನ್ನ ಅವನ ಗಂಟಲಿಗೆ ತುರುಕಿ ಉಸಿರು ಕಟ್ಟಿಸ್ತಿದ್ದೆ."

"ಅದಕ್ಕೇ ನಿನ್ನನ್ನ ಒಳಗೆ ನಾದೋಕೆ ಬಿಟ್ಟಿರೋದು. ಹೋಗು, ಹಿಟ್ಟು ಒಣಗತ್ತೆ."

ತಮ್ಮನಿಗೆ ಚಿಕ್ಕಂದಿನಿಂದಲೂ ಕೋಪ ಮೂಗಿನ ತುದಿಯಲ್ಲೇ. ಅಪ್ಪ ಅವನನ್ನು ಬೆಂಕಿಪೊಟ್ಟಣ ಎಂದು ಕರೆಯುತ್ತಿದ್ದ. "ನೀನೊಬ್ಬ ಇದ್ದರೆ ಸಾಕು ಮಗನೇ, ಒಲೆಗೆ ಸೌದೆ ಉಳಿಯತ್ತೆ" ಎಂದು ರೇಗಿಸುತ್ತಿದ್ದ. ಮಗಳ ಬಗ್ಗೆ ಕೇಳಿದರೆ, "ಇವಳು ಹುಟ್ಟುವಾಗಲೇ ಅಜ್ಜಿಯಾಗಿ ಹುಟ್ಟಿದಳು" ಎನ್ನುತ್ತಿದ್ದ.

ಆ ಅಪ್ಪ ಸತ್ತದ್ದು ಅಂಗಡಿಯ ಎದುರಿಗೇ. ಲಾರಿಯವನು ಮೈದಾ ಚೀಲ ತರುತ್ತಿದ್ದವನು. ಬೆಳಗಿನ ಜಾವ ಚೀಲ ಇಳಿಸಿದ ಮೇಲೆ ಅಪ್ಪ ಅವನಿಗೆ ಒಲೆಯಿಂದ ಆಗಷ್ಟೇ ತೆಗೆದ ಬ್ರೆಡ್ಡು ಕೊಡುತ್ತಿದ್ದ. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು. ಆ ದಿನ ಲಾರಿಯವನು ಕುಡಿದು ಬಂದಿದ್ದ. ಹಿಂದೆ ನೋಡದೆ ಲಾರಿಯನ್ನು ಹಿಮ್ಮುಖವಾಗಿ ಬಿಟ್ಟ. ಅಪ್ಪ ಲಾರಿಗೂ ಗೋಡೆಗೂ ನಡುವೆ ಸಿಕ್ಕಿಬಿದ್ದ. ಲಾರಿಯವನು ಇಳಿದು ನೋಡಿ, ಮತ್ತೆ ಹತ್ತಿ, ಲಾರಿ ಮುಂದಕ್ಕೆ ತೆಗೆದುಕೊಂಡು ಓಡಿಹೋದ. ಒಲೆಯ ಸದ್ದಿನಲ್ಲಿ ಒಳಗಿದ್ದವರಿಗೆ ಏನೂ ಕೇಳಿಸಲಿಲ್ಲ. ಅಕ್ಕ ಹೊರಗೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಸ್ವಲ್ಪ ಮೊದಲು ಕರೆತಂದಿದ್ದರೆ ಉಳಿಯುತ್ತಿದ್ದರು ಎಂದು ಡಾಕ್ಟರು ಹೇಳಿದರು. ಮನೆಯವರ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ಆ ಒಂದು ಮಾತು. ಲಾರಿ ಗುದ್ದಿದ್ದನ್ನು ಮರೆತರೂ ಮರೆಯಬಹುದಿತ್ತು, ಅವನು ಓಡಿದ್ದನ್ನು ಮರೆಯಲು ಆಗಲಿಲ್ಲ.

ಅಮ್ಮ ಅಂದಿನಿಂದ ಅಂಗಡಿಗೆ ಇಳಿಯಲಿಲ್ಲ. ಮಹಡಿಯ ಕಿಟಕಿಯ ಬಳಿ ಕೂತು ಹರಿದದ್ದನ್ನು ಹೊಲಿಯುತ್ತಿದ್ದಳು. ಹರಿಯದಿದ್ದರೂ ಹೊಲಿಯುತ್ತಿದ್ದಳು.

ಲಾರಿಯವನಿಗೆ ಮತ್ತೆ ಯಾರೂ ಗಾಡಿ ಕೊಡಲಿಲ್ಲ. ಅವನನ್ನು ಕೆಲಸಕ್ಕೆ ಸೇರಿಸಿಕೊಂಡವನು ಸುಣ್ಣದಜ್ಜ. ಗೋಡೆಗೆ ಬಣ್ಣ ಹೊಡೆಯುವುದು, ಚಿಮಣಿ ಗುಡಿಸುವುದು ಸುಣ್ಣದಜ್ಜನ ಕಸುಬು. ಹುಬ್ಬಿನ ಮೇಲೆ ಯಾವಾಗಲೂ ಯಾವುದಾದರೊಂದು ಬಣ್ಣ ಇರುತ್ತಿತ್ತು. ಹಸಿರಿದ್ದರೆ ಶಾಲೆಯ ಕೆಲಸ, ನೀಲಿ ಇದ್ದರೆ ಆಸ್ಪತ್ರೆಯದು ಎಂದು ಜನ ಗುರುತಿಸುತ್ತಿದ್ದರು. ಬೇಕರಿಯ ಒಲೆಯನ್ನು ಗುಡಿಸುವವನೂ ಅವನೇ. ಆ ವರ್ಷ ಒಲೆ ಗುಡಿಸುವ ಹೊತ್ತು ಬಂದಾಗ ಅವನು ಮುಂಚಿತವಾಗಿ ಬಂದು ಅಕ್ಕನ ಎದುರು ನಿಂತ.

"ನೋಡು ಅಕ್ಕ, ನನ್ನ ಸೊಂಟ ಇನ್ನು ಬಗ್ಗಲ್ಲ. ಒಲೆ ಒಳಗೆ ತೆವಳೋನು ಅವನೇ. ಬೇಡ ಅಂದ್ರೆ ಬೇಡ, ಬೇರೆಯವರನ್ನ ನೋಡ್ಕೋ. ನನಗೇನೂ ಬೇಜಾರಿಲ್ಲ."

ಅಕ್ಕ ತಟ್ಟೆಗಳನ್ನು ಒರೆಸುತ್ತಲೇ ಇದ್ದಳು. ಕೊನೆಗೆ, "ತಮ್ಮ ಊರಲ್ಲಿಲ್ಲದ ದಿನ ಬನ್ನಿ" ಎಂದಳು.

ಯೀಸ್ಟ್ ತರಲು ತಮ್ಮ ಪಟ್ಟಣಕ್ಕೆ ಹೋದ ದಿನ ಅವರು ಬಂದರು. ಒಲೆಯನ್ನು ಹಿಂದಿನ ದಿನವೇ ಆರಿಸಿದ್ದರೂ ಇಟ್ಟಿಗೆ ಇನ್ನೂ ಬೆಚ್ಚಗಿತ್ತು. ಅದೊಂದು ಗುಹೆಯಂಥ ಒಲೆ. ಬಾಯಿ ಕಿರಿದು, ಒಳಗೆ ಒಬ್ಬ ಮಲಗುವಷ್ಟು ಜಾಗ. ಬಾಯಿಗೆ ಕಬ್ಬಿಣದ ಭಾರಿ ಬಾಗಿಲು, ಮೇಲಕ್ಕೆತ್ತಿ ಸರಪಳಿಯನ್ನು ಕೊಕ್ಕೆಗೆ ಸಿಕ್ಕಿಸಬೇಕು. ಕೊಕ್ಕೆ ಸವೆದಿತ್ತು. ಒಂದು ಸಲ ಆ ಬಾಗಿಲು ತಾನಾಗಿಯೇ ಧಡಾರನೆ ಬಿದ್ದು ಅಪ್ಪನ ಬೆರಳು ಜಜ್ಜಿದ್ದು ಬೀದಿಗೆಲ್ಲ ಗೊತ್ತಿತ್ತು.

ಸುಣ್ಣದಜ್ಜ ಉದ್ದದ ಕುಂಚ ಹಿಡಿದು ತಾರಸಿ ಹತ್ತಿದ. ಲಾರಿಯವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಲೆಯೊಳಗೆ ತೆವಳಿದ. ಅವನ ಪಾದಗಳೂ ಒಳಗೆ ಹೋದವು. ಮೇಲಿನಿಂದ ಮಸಿ ದಪದಪ ಉದುರುವ ಸದ್ದು, ಒಳಗೆ ಅವನು ಕೆಮ್ಮುವ ಸದ್ದು. ಒಳಕೋಣೆಯಲ್ಲಿ ಅಕ್ಕ ಒಬ್ಬಳೇ.

ಅವಳ ಕೈ ಸರಪಳಿಯ ಮೇಲೆ ಹೋಯಿತು. ಕೈ ಹೋದದ್ದು ಅವಳಿಗೆ ತಿಳಿದದ್ದು ಆಮೇಲೆ. ಸರಪಳಿಯನ್ನು ಕೊಕ್ಕೆಯಿಂದ ಬಿಡಿಸಿ ಬಿಗಿಯಾಗಿ ಹಿಡಿದಿದ್ದಳು. ಕೈ ಸಡಿಲಿಸಿದರೆ ಸಾಕು. ಮಸಿಯೆಲ್ಲ ಅವನ ಮೇಲೆಯೇ ಬಿದ್ದು ಉಸಿರು ಕಟ್ಟುತ್ತಿತ್ತು, ತಾರಸಿಯ ಮೇಲಿನ ಅಜ್ಜನಿಗೆ ಕೂಗು ಕೇಳಿಸುತ್ತಿರಲಿಲ್ಲ. ಬಾಗಿಲು ತಾನೇ ಬಿತ್ತು ಎಂದರೆ ಯಾರೂ ಇನ್ನೊಂದು ಮಾತು ಕೇಳುತ್ತಿರಲಿಲ್ಲ. ಅವಳು ಸ್ವಲ್ಪ ಸಡಿಲಿಸಿದಳು. ಬಾಗಿಲು ಒಂದು ಗೇಣು ಇಳಿಯಿತು. ಒಳಗೆ ಬೆಳಕು ಕಡಿಮೆಯಾದದ್ದು ಅವನಿಗೂ ಗೊತ್ತಾಗಿರಬೇಕು. ಉಜ್ಜುವ ಸದ್ದು ನಿಂತಿತು. ಆದರೆ ಅವನು ಕೂಗಲಿಲ್ಲ, ಹೊರಗೆ ಬರಲೂ ನೋಡಲಿಲ್ಲ.

"ಅವತ್ತು ಯಾಕೆ ಓಡಿಹೋದೆ?" ಅಕ್ಕ ಕೇಳಿದಳು.

ಒಳಗಿನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಅವರು ನನ್ನ ಹೆಸರು ಹಿಡಿದು ಕರೆದರು. ಮಾತಾಡದೆ ಬಿದ್ದಿದ್ದರೆ ಎತ್ತಿಕೊಂಡು ಹೋಗ್ತಿದ್ದೆನೇನೋ. ಕರೆದರಲ್ಲ, ನನ್ನನ್ನ ನೋಡಿಬಿಟ್ಟರಲ್ಲ ಅನ್ನಿಸ್ತು. ಓಡಿದೆ."

ಅಕ್ಕನಿಗೆ ಸಮಾಧಾನ ತರುವ ಮಾತಲ್ಲ ಅದು. ಅಪ್ಪ ಬದುಕಿದ್ದ, ಮಾತಾಡಿದ, ಸಹಾಯಕ್ಕೆ ಕರೆದ. ಕರೆದದ್ದೇ ತಪ್ಪಾಯಿತು. ಅವಳ ತೋಳು ಭಾರಕ್ಕೆ ನಡುಗುತ್ತಿತ್ತು. ಸುಮ್ಮನೆ ಬಿಟ್ಟುಬಿಡು ಎಂದು ತೋಳೇ ಹೇಳುತ್ತಿತ್ತು. ಅವಳು ಹಲ್ಲು ಕಚ್ಚಿ ಎರಡೂ ಕೈಯಲ್ಲಿ ಎಳೆದು ಸರಪಳಿಯನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದಳು. ಅದು ಜಾರದಿರಲೆಂದು ಒಂದು ಸೌದೆಯನ್ನೂ ಬಾಗಿಲಿಗೆ ಆನಿಸಿದಳು.

"ಎಡಗಡೆ ಮೂಲೆಯಲ್ಲಿ ಇನ್ನೂ ಮಸಿ ಇದೆ. ಚೆನ್ನಾಗಿ ಉಜ್ಜು" ಎಂದು ಹೇಳಿ ಹಿತ್ತಲಿಗೆ ಹೋಗಿ, ನಲ್ಲಿಯ ಕೆಳಗೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಈ ವಿಷಯವನ್ನು ಯಾರಿಗೂ ಹೇಳಲಿಲ್ಲ.

ತಮ್ಮನಿಗೆ ಒಲೆ ಗುಡಿಸಿದವರು ಯಾರೆಂದು ಸಂಜೆಯೊಳಗೆ ಗೊತ್ತಾಯಿತು. ಹೇಳಿದವನು ಬಣ್ಣದಂಗಡಿಯ ಮಾಮ. ಅವನು ಸಂಬಂಧದಲ್ಲಿ ಮಾಮನೇನೂ ಅಲ್ಲ. ಎಳೆಯರ ಕೈಯಲ್ಲಿ ಹಾಗೆ ಕರೆಸಿಕೊಳ್ಳುವುದು ಅವನಿಗೆ ಇಷ್ಟ. ಅವನ ಅಂಗಡಿಗೆ ಅಂಟಿಕೊಂಡೇ ಲಾರಿಯವನ ಮನೆ. ಅದು ಕೈಗೆ ಸಿಕ್ಕರೆ ಅಂಗಡಿಯನ್ನು ಮೂಲೆಯವರೆಗೂ ಬೆಳೆಸಬಹುದೆಂದು ಮಾಮನಿಗೆ ಬಹಳ ದಿನದ ಆಸೆ. ಲಾರಿಯವನು ಜೈಲಿನಲ್ಲಿದ್ದಾಗ ಅವನ ಕಿವಿ ಕೇಳದ ಮುದಿ ತಾಯಿಯನ್ನು ಮನೆ ಮಾರಲು ಇನ್ನೇನು ಒಪ್ಪಿಸಿದ್ದ. ಅಷ್ಟರಲ್ಲಿ ಮಗ ಬಂದು, ಮನೆ ಮಾರುವುದಿಲ್ಲ ಎಂದ.

ಮಾಮ ಬೆಂಕಿಪೊಟ್ಟಣದ ಪಕ್ಕ ಕೂತು ಕಡ್ಡಿ ಗೀರತೊಡಗಿದ. ಬೆಂಚಿನ ಮೇಲೆ ಕೂರಿಸಿ, ಚಹಾ ತರಿಸಿ, ನಿಧಾನವಾಗಿ ಕಿವಿ ಊದಿದ.

"ನಿನ್ನಪ್ಪನ ಒಲೆಯೊಳಗೆ ಅವನು ಕಾಲು ಚಾಚಿ ಮಲಗಿದ್ದನಂತಲ್ಲೋ. ಚಹಾದಂಗಡಿಯಲ್ಲಿ ಹೇಳ್ಕೊಂಡು ನಗ್ತಿದ್ದ. ನಾನು ಸುಮ್ಮನೆ ಎದ್ದು ಬಂದೆ. ನನಗೇ ತಡೆಯೋಕಾಗಲಿಲ್ಲ, ನಿನಗೆ ಹೇಗಾಗಬೇಡ!"

ಲಾರಿಯವನು ಚಹಾದಂಗಡಿಗೇ ಹೋಗುತ್ತಿರಲಿಲ್ಲ. ತಮ್ಮ ಅದನ್ನು ವಿಚಾರಿಸಲು ಹೋಗಲಿಲ್ಲ.

ಬೀದಿಯ ಕೊನೆಯಲ್ಲಿ ಮೂರಂತಸ್ತಿನ ಕಟ್ಟಡಕ್ಕೆ ಆಗ ಬಣ್ಣ ನಡೆಯುತ್ತಿತ್ತು. ಕೆಲಸ ಕೊಡಿಸಿದ್ದು ಮಾಮ, ಹೊಡೆಯುತ್ತಿದ್ದದ್ದು ಲಾರಿಯವನು. ತಾರಸಿಯಿಂದ ಎರಡು ಹಗ್ಗ ಇಳಿಬಿಟ್ಟು, ಅವಕ್ಕೆ ಹಲಗೆ ಕಟ್ಟಿ, ಅದರ ಮೇಲೆ ಕೂತು ಕೆಲಸ. ಅಜ್ಜ ಕೆಳಗೆ ನಿಂತು ಬಣ್ಣ ಕಲಸುತ್ತಿದ್ದ. ಒಂದು ದಿನ ಮಾಮ ಮಾತಿನ ನಡುವೆ, "ಆ ತಾರಸಿ ಬಾಗಿಲಿಗೆ ಬೀಗಾನೇ ಹಾಕಲ್ಲ ನೋಡು. ಊಟದ ಹೊತ್ತಲ್ಲಿ ಅಲ್ಲಿ ಒಂದು ನರಪಿಳ್ಳೆ ಇರಲ್ಲ" ಎಂದ. ಇನ್ನೊಂದು ದಿನ, "ಹಗ್ಗ ಅಂದ್ರೆ ಸವೆಯೋದೇ ಅಲ್ವೇನೋ" ಎಂದ. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ.

ಹಿಟ್ಟು ಕತ್ತರಿಸುವ ಅಲಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಮ್ಮ ಒಂದು ಮಧ್ಯಾಹ್ನ ಆ ತಾರಸಿ ಹತ್ತಿದ. ಬಲಗಡೆಯ ಹಗ್ಗದ ಎಳೆಗಳನ್ನು ಒಂದೊಂದಾಗಿ ಕೊಯ್ದು, ಸ್ವಲ್ಪ ಮಾತ್ರ ಉಳಿಸಿದ. ಆಮೇಲೆ ಅಂಗಡಿಗೆ ಬಂದು ತಟ್ಟೆ ಜೋಡಿಸತೊಡಗಿದ. ಗಿರಾಕಿಗಳ ಜೊತೆ ಅವತ್ತು ಅವನು ಎಂದಿಗಿಂತ ಹೆಚ್ಚು ನಗುನಗುತ್ತಾ ಮಾತಾಡಿದ್ದನ್ನು ಅಕ್ಕ ಗಮನಿಸಿದಳು. ಹುಡುಗಿಯೊಬ್ಬಳ ವಿಷಯ ಇರಬಹುದೆಂದುಕೊಂಡಳು.

ಊಟ ಮುಗಿಸಿ ಬಂದ ಲಾರಿಯವನು ಹಲಗೆ ಹತ್ತಲಿಲ್ಲ. ಕಿಟಕಿಯ ಚೌಕಟ್ಟಿನ ಬಣ್ಣ ಮುಗಿದಿತ್ತು, ತರಲು ಹೋದ. ಅವನು ಬರುವವರೆಗೆ ಕಾಯುವುದು ಸುಣ್ಣದಜ್ಜನಿಂದ ಆಗಲಿಲ್ಲ. ಮೊದಲ ಅಂತಸ್ತಿನ ಕಿಟಕಿಯ ಪಕ್ಕ ತೇಪೆಯಷ್ಟು ಜಾಗ ಬಣ್ಣವಿಲ್ಲದೆ ಬಿಟ್ಟುಹೋಗಿತ್ತು, ಅದು ಬೆಳಗಿನಿಂದ ಅವನ ಕಣ್ಣು ಚುಚ್ಚುತ್ತಿತ್ತು. ಸೊಂಟ ಬಗ್ಗುವುದಿಲ್ಲ ಎನ್ನುವವನು ಏಣಿ ಹತ್ತಿ, ಹಲಗೆಯ ಮೇಲೆ ಕೂತು ಕುಂಚ ಅದ್ದಿದ.

ಜನ ಕೂಗಿದ್ದು ಬೇಕರಿಗೂ ಕೇಳಿಸಿತು. ಅಕ್ಕ ಓಡಿದಳು. ತಮ್ಮ ಅವಳಿಗಿಂತ ಮೊದಲೇ ಓಡಿದ್ದ. ಗುಂಪಿನ ನಡುವೆ ಬಣ್ಣ ಚೆಲ್ಲಿತ್ತು. ಲಾರಿಯವನು ಕೈಯಲ್ಲಿದ್ದ ಡಬ್ಬಿ ಎಲ್ಲೋ ಎಸೆದು, ಅಜ್ಜನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಗಾಡಿ, ಗಾಡಿ ನಿಲ್ಲಿಸ್ರೋ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಅಜ್ಜನಿಗೆ ಪ್ರಜ್ಞೆ ಇತ್ತು. ಒಂದು ಕಾಲು ನೋಡಲಾಗದ ಹಾಗೆ ತಿರುಗಿತ್ತು.

ಅಕ್ಕ ಸುತ್ತ ನೋಡಿದಳು. ತಮ್ಮ ಅಲ್ಲಿರಲಿಲ್ಲ.

ಅಜ್ಜನನ್ನು ಗಾಡಿಗೆ ಹತ್ತಿಸಿ ಕಳಿಸಿದ ಮೇಲೆ ಅವಳ ಕಣ್ಣು ನೆಲದ ಮೇಲಿದ್ದ ಹಗ್ಗಕ್ಕೆ ಬಿತ್ತು. ಬಗ್ಗಿ ತುದಿ ಹಿಡಿದು ನೋಡಿದಳು. ಕೆಲವು ಎಳೆ ಜಗ್ಗಿ ಹರಿದಿದ್ದವು. ಉಳಿದವು ನೀಟಾಗಿ ಕೊಯ್ದಂತಿದ್ದವು. ಕೊಯ್ದ ಕಡೆ ಒಣಗಿದ ಹಿಟ್ಟಿನ ಹಕ್ಕಳೆ ಅಂಟಿತ್ತು. ಬೇರೆ ಯಾರು ನೋಡಿದರೂ ಅದನ್ನು ಸುಣ್ಣ ಎಂದುಕೊಳ್ಳುತ್ತಿದ್ದರು.

ತಮ್ಮ ಮೈದಾ ಚೀಲಗಳ ಕೋಣೆಯಲ್ಲಿ, ಚೀಲಗಳ ಹಿಂದೆ ಮುದುಡಿ ಕೂತಿದ್ದ.

"ಅಜ್ಜ ಸತ್ತನಾ?"

"ಇಲ್ಲ. ಕಾಲು, ಸೊಂಟ ಎರಡೂ ಮುರಿದ ಹಾಗಿದೆ. ಎದ್ದೇಳು."

"ಅವನು ಕೂರಬೇಕಾಗಿತ್ತು ಅಕ್ಕ ಅಲ್ಲಿ. ಅವನು! ಅಜ್ಜ ಯಾಕೆ ಹತ್ತಬೇಕಿತ್ತು?"

"ನಿನ್ನನ್ನ ಕೇಳಿ ಹತ್ತಬೇಕಿತ್ತಾ? ಎದ್ದೇಳು, ಠಾಣೆಗೆ ಹೋಗೋಣ."

ಅವನು ಅವಳ ಸೆರಗು ಹಿಡಿದುಕೊಂಡ. "ಹಗ್ಗ ಸವೆದಿತ್ತು ಅಂತಾರೆ. ಯಾರಿಗೂ ಗೊತ್ತಾಗಲ್ಲ. ನೀನೊಬ್ಬಳು ಸುಮ್ಮನಿದ್ದರೆ ಸಾಕು."

"ಇಷ್ಟು ದಿನ ಸುಮ್ಮನಿದ್ದೀಯ ಅಂತ ನನ್ನನ್ನ ಬೈತಿದ್ದೆ. ಈಗ ಸುಮ್ಮನಿರು ಅಂತೀಯ."

"ನಿನಗೇನು ಗೊತ್ತು?" ಅವನು ಅಳುತ್ತಾ ಕಿರುಚಿದ. "ನೀನು ಕಲ್ಲು. ನಿನಗೆ ಕೋಪಾನೇ ಬರಲ್ಲ. ಅಪ್ಪ ನನಗೊಬ್ಬನಿಗೇ ಸತ್ತಿದ್ದು!"

ಅಕ್ಕ ಅವನ ಕೆನ್ನೆಗೆ ಬಾರಿಸಿದಳು. ಅವನನ್ನು ಅವಳು ಹೊಡೆದದ್ದು ಅದೇ ಮೊದಲು. ಆಮೇಲೆ ಅವನ ಪಕ್ಕದಲ್ಲೇ ಚೀಲದ ಮೇಲೆ ಕೂತು ಒಲೆ ಗುಡಿಸಿದ ದಿನದ ವಿಷಯ ಹೇಳಿದಳು. ಸರಪಳಿ ಬಿಚ್ಚಿದ್ದು, ಬಾಗಿಲು ಒಂದು ಗೇಣು ಇಳಿದದ್ದು, ಅವನು ಒಳಗಿನಿಂದ ಹೇಳಿದ್ದು, ಒಂದನ್ನೂ ಬಿಡಲಿಲ್ಲ. ತಮ್ಮ ಬಾಯಿ ತೆರೆದು ಕೇಳಿದ.

"ಮತ್ತೆ ಯಾಕೆ ಬಿಡಲಿಲ್ಲ?"

"ಗೊತ್ತಿಲ್ಲ ಕಣೋ. ದೊಡ್ಡ ಮನಸ್ಸು ಅಂತೆಲ್ಲ ಅಂದ್ಕೋಬೇಡ. ನಾಳೆ ಬೆಳಿಗ್ಗೆ ಅದೇ ಒಲೆಯಲ್ಲಿ ಬ್ರೆಡ್ ಇಡಬೇಕಲ್ಲ ಅನ್ನಿಸ್ತು. ಅಷ್ಟೇ ಅನ್ನಿಸಿದ್ದು. ಅಷ್ಟರಲ್ಲಿ ಕೈ ಎಳೀತು."

ಅವನು ತಾನಾಗಿ ಎದ್ದು, ಅಲಗು ಎಲ್ಲಿ ಅಡಗಿಸಿದ್ದನೋ ಅಲ್ಲಿಂದ ತಂದ. ಇಬ್ಬರೂ ಹೊರಡುವಾಗ ಮಹಡಿಯ ಮೆಟ್ಟಿಲ ಮೇಲೆ ಅಮ್ಮ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ ತಿಳಿಯದು. ಮಗನ ಬರಿಗಾಲು ನೋಡಿ, "ಚಪ್ಪಲಿ ಹಾಕ್ಕೊಂಡು ಹೋಗು" ಎಂದಳು.

ಠಾಣೆಯಲ್ಲಿ ತಮ್ಮ ಮಾಮನ ಹೆಸರನ್ನೂ ಹೇಳಿದ. ಮಾಮನನ್ನು ಕರೆಸಿದರು. "ನಾನು ಹಗ್ಗ ಸವೆಯತ್ತೆ ಅಂದೆ ಸಾರ್. ಸವೆಯಲ್ವಾ?" ಎಂದು ಅವನು ಕೈ ತೊಳೆದುಕೊಂಡ. ಅವನು ಆಡಿದಂಥ ಮಾತಿಗೆ ಸಾಕ್ಷಿಯಿಲ್ಲ, ಕಾನೂನಿನಲ್ಲಿ ಹೆಸರೂ ಇಲ್ಲ. ಶಿಕ್ಷೆಯಾದದ್ದು ತಮ್ಮನಿಗೆ ಮಾತ್ರ.

ಮಾಮ ಆಮೇಲೂ ಬ್ರೆಡ್ಡಿಗೆ ಬಂದ. ಅಕ್ಕ ಕೊಟ್ಟಳು. ಮಾಮ ಎನ್ನುವುದನ್ನು ಮಾತ್ರ ಬಿಟ್ಟಳು. "ಏನು ಬೇಕು ರೀ?" ಎಂದಳು. ಇಡೀ ಸಾಲಿಗೆ ಅದು ಕೇಳಿಸಿತು. ಒಂದು ವಾರದಲ್ಲಿ ಬೀದಿಯ ಎಳೆಯರೆಲ್ಲ ಅವನನ್ನು ರೀ ಎನ್ನತೊಡಗಿದರು. ಅವನು ಬ್ರೆಡ್ಡು ಬಿಟ್ಟು ಬೇರೆ ಏನೋ ತಿನ್ನಲು ಶುರುಮಾಡಿದ.

ಅಕ್ಕನಿಗೆ ಕಷ್ಟವಾದದ್ದು ಸುಣ್ಣದಜ್ಜನ ಹೆಂಡತಿಯನ್ನು ಎದುರಿಸುವುದು. ಅವಳು ಒಂದು ಬೆಳಿಗ್ಗೆ ಅಂಗಡಿ ತುಂಬ ಜನ ಇದ್ದಾಗ ಬಂದಳು.

"ನಿಮ್ಮ ಮನೆ ಬೆಂಕೀನ ನಮ್ಮ ಮನೆಗೆ ಯಾಕಮ್ಮ ತಂದ್ರಿ? ನಿಮ್ಮಪ್ಪನ ಹೆಣದ ಮುಂದೆ ನಿಮಗಿಂತ ಜೋರಾಗಿ ಅತ್ತಿದ್ದು ನನ್ನ ಗಂಡ. ಅದಕ್ಕೆ ಇದಾ?"

ಆಕೆ ಉಸಿರು ಸೋತು ನಿಲ್ಲುವವರೆಗೂ ಅಕ್ಕ ಕೈ ಕಟ್ಟಿ ನಿಂತು ಕೇಳಿದಳು. ತಪ್ಪು ಮಾಡಿದವರ ಮನೆಯವರಾಗಿ ನಿಲ್ಲುವುದು ಏನೆಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಲಾರಿಯವನ ಕಿವುಡಿ ತಾಯಿ ಇಷ್ಟು ವರ್ಷ ಇದೇ ಬೀದಿಯಲ್ಲಿ ಹೇಗೆ ನಡೆದಾಡಿದಳೋ ಎಂದು ಮೊದಲ ಸಲ ಯೋಚಿಸಿದಳು. ಹಾಗೆಂದು ಲಾರಿಯವನ ಮೇಲಿನ ಸಿಟ್ಟು ಕರಗಲಿಲ್ಲ. ಅದು ಇದ್ದ ಜಾಗದಲ್ಲಿ ಇದ್ದೇ ಇತ್ತು.

ನಾದುವವರು ಇಲ್ಲದೆ ಅವಳೇ ಒಳಗೆ ನಿಲ್ಲಬೇಕಾಯಿತು. ಹೀಗಾಗಿ ಅಮ್ಮ ಕೆಳಗಿಳಿದು ಗಲ್ಲಾದಲ್ಲಿ ಕೂತಳು. ಚಿಲ್ಲರೆ ಎಣಿಸುವುದರಲ್ಲಿ ಅವಳು ಬಲು ನಿಧಾನ. ಗಿರಾಕಿಗಳು ಸಾಲಿನಲ್ಲಿ ನಿಂತು ತಮ್ಮ ತಮ್ಮ ಮನೆಯ ಕತೆಯೆಲ್ಲ ಹೇಳಿ ಮುಗಿಸುತ್ತಿದ್ದರು.

ತಮ್ಮ ಶಿಕ್ಷೆ ಮುಗಿಸಿ ಹೊರಬಂದ ದಿನ ಅಕ್ಕ ಕರೆತರಲು ಹೋಗಿದ್ದಳು. ಬಸ್ಸಿಳಿದವನು ಮನೆಯ ಕಡೆ ತಿರುಗಲಿಲ್ಲ.

"ಮೊದಲು ಅಜ್ಜನ ಮನೆಗೆ ಹೋಗಿ ಬರ್ತೀನಿ. ನೀನು ಬರಬೇಡ."

ಅಜ್ಜನ ಹೆಂಡತಿ ಬಾಗಿಲು ತೆರೆದು, ನೋಡಿ, ಮುಚ್ಚಿದಳಂತೆ. ಅವನು ಹೊರಗೇ ನಿಂತು ಬಂದ. ಮರುದಿನವೂ ಕೆಲಸ ಮುಗಿಸಿ ಹೋದ. ಮೂರನೆಯ ದಿನವೂ. ಕೈಮುಗಿಯಲಿಲ್ಲ, ಕೂಗಿ ಕರೆಯಲಿಲ್ಲ, ನಿಂತು ಬರುತ್ತಿದ್ದ. ಅಕ್ಕಪಕ್ಕದವರು ಮೊದಮೊದಲು ನಕ್ಕರು, ಆಮೇಲೆ ನೋಡುವುದನ್ನೂ ಬಿಟ್ಟರು.

ಒಂದು ಸಂಜೆ ಅವನು ಬಂದವನೇ ಒಳಕೋಣೆಯ ಡ್ರಾಯರುಗಳನ್ನೆಲ್ಲ ಎಳೆದು ಹುಡುಕತೊಡಗಿದ.

"ಏನು ಬೇಕೋ?"

"ಸ್ಕ್ರೂ ಡ್ರೈವರ್. ಅಜ್ಜ ಇವತ್ತು ಒಳಗಿಂದ ಮಾತಾಡಿದ."

ಅಕ್ಕನ ಕೈ ಹಿಟ್ಟಿನಲ್ಲೇ ನಿಂತಿತು. "ಏನಂದ?"

"'ಒಳಗೆ ಬರಬೇಡ. ದಿನಾ ಅಲ್ಲಿ ದಂಡಕ್ಕೆ ನಿಲ್ತೀಯಲ್ಲ, ಆ ಬಾಗಿಲ ಚಿಲಕ ಅಲ್ಲಾಡ್ತಿದೆ, ಬಿಗಿ ಮಾಡೋಕೇನು ಧಾಡಿ' ಅಂದ."

"ಮೇಲಿನ ಕಪಾಟಲ್ಲಿ ನೋಡು" ಎಂದಳು ಅಕ್ಕ. ಅವನು ಹುಡುಕಿ ತೆಗೆದುಕೊಂಡು ಓಡಿದ. ಅವಳು ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಸೌದೆ ತರಲು ಹಿತ್ತಲಿಗೆ ಹೋದಳು.